ಶ್ರಾವಣ ಸೋಮವಾರದ ಹೊಗೆ

ಹೋದ ತಿಂಗಳು ಅಡುಗೆಮನೆಯ ಚಿಮ್ನಿ ತೊಳೆಯಲು ಒಬ್ಬ ಬಂದಿದ್ದ. ಜಾಲರಿ ಬಿಚ್ಚಿ, ಕುದಿಯುವ ನೀರಿಗೆ ಸೋಡಾ ಹಾಕಿದ ಬಕೆಟ್ಟಿನಲ್ಲಿ ಮುಳುಗಿಸಿದ. ಕಪ್ಪು ಜಿಡ್ಡು ಎಳೆಎಳೆಯಾಗಿ ಬಿಡತೊಡಗಿತು. "ಮೇಡಂ, ಕಿತ್ನೇ ಸಾಲ್ ಸೇ ನಹೀ ಧೋಯಾ?" ಎಂದು ಮೂಗು ಮುಚ್ಚಿಕೊಂಡೇ ಕೇಳಿದ. ಎರಡು ವರ್ಷ ಎನ್ನಲು ನಾಚಿಕೆಯಾಗಿ ಆರು ತಿಂಗಳು ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಹಿಂದಿನಿಂದಲೂ ಚುರುಕು.

ಬಕೆಟ್ಟಿನಿಂದ ಎದ್ದ ಆ ವಾಸನೆ... ಹಳೆಯ ಹೊಗೆ, ಸುಟ್ಟ ಎಣ್ಣೆ, ಅದರ ಅಡಿಯಲ್ಲೆಲ್ಲೋ ಒಂದಿಷ್ಟು ಮೀನು. ವಿಲೆ ಪಾರ್ಲೆಯ ಈ ಎಂಟನೇ ಮಹಡಿಯ ಅಡುಗೆಮನೆಯಲ್ಲಿ ನಿಂತವಳಿಗೆ ನಾವು ಹಿಂದೆ ಬಾಡಿಗೆಗಿದ್ದ ಭಾಂಡುಪ್‌ನ ಚಾಳ್‌ನ ಉದ್ದ ಗ್ಯಾಲರಿ ಕಣ್ಣಮುಂದೆ ಬಂತು. ಅದರ ಕೊನೆಯ ಒಂದೇ ಕೋಣೆಯ ಖೋಲಿಯಲ್ಲಿದ್ದವಳು ಅವಳು. ಚಾಳಿನವರಿಗೆಲ್ಲ ರೊಟ್ಟಿ ಮೌಶಿ, ನನಗೆ ಅಕ್ಕ.

ವಿಜಾಪುರದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಊರಿಗೆ ಹೋಗದೆ, ಮಣ್ಣು ತಂದು ತಾನೇ ಒಲೆ ಹಾಕಿಕೊಂಡು, ತನ್ನ ಕಡೆಯ ಗಾರೆ ಕೆಲಸದವರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಒಬ್ಬ ಮೇಸ್ತ್ರಿ, ಅವನ ಕೈಕೆಳಗೆ ಹತ್ತು ಹನ್ನೆರಡು ಜನ. ಮೇಸ್ತ್ರಿ ಕೊರಳಲ್ಲಿ ಲಿಂಗ ಕಟ್ಟಿದವನು. ಬೇರೆಯವರ ಮನೆಯ ನೀರು ಕುಡಿಯಲೂ ಎರಡು ಸಲ ಯೋಚಿಸುವ ಮನುಷ್ಯ. ಆದರೆ ಅಕ್ಕನ ರೊಟ್ಟಿಯನ್ನು ಮಾತ್ರ ತಾಯಿಯ ಕೈಯದು ಎಂಬಂತೆ ಕಣ್ಣುಮುಚ್ಚಿ ತಿನ್ನುತ್ತಿದ್ದ. ಆ ನಂಬಿಕೆಯ ಮೇಲೆ ಅವಳ ಬದುಕು ನಿಂತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು ಎನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಚಾಳಿನಲ್ಲಿ ಉಳಿದವರೆಲ್ಲ ಗ್ಯಾಸಿಗೆ ಬಂದಾಗಿತ್ತು. ಕಟ್ಟಿಗೆಯ ಒಲೆ ಅವಳದೊಂದೇ. ಹೊಗೆಯ ವಿಷಯದಲ್ಲಿ ಚಾಳಿನ ಕಮಿಟಿಯವರಿಗೆ ಅವಳ ಮೇಲೆ ಮೊದಲಿನಿಂದಲೂ ಒಂದು ಕಣ್ಣು. ಆದರೆ ಹೊಗೆಯನ್ನು ಅವಳಷ್ಟು ಹದದಲ್ಲಿಟ್ಟವರನ್ನು ನಾನು ಕಂಡಿಲ್ಲ. ಬಣ್ಣ ಬಳಿದ ಹಲಗೆ ಮುಟ್ಟುತ್ತಿರಲಿಲ್ಲ. ಅದರ ಹೊಗೆ ಗಂಟಲು ಹಿಡಿಯುತ್ತದೆ ಎನ್ನುವಳು. ಕಟ್ಟಿಗೆಯನ್ನು ಬೆರಳು ಗಾತ್ರಕ್ಕೆ ಸೀಳಿ, ಒಲೆಯ ಹಿಂದೆ ನಿಲ್ಲಿಸಿ ಬಿಸಿಗೆ ಒಣಗಿಸುವಳು. "ಒಲಿ ಬಾಯಿಗೆ ಗಚ್ಚಾಗಿ ತುರುಕಬಾರ್ದು ತಂಗಿ. ಅದಕ್ಕೂ ಉಸಿರಾಡಾಕ ಜಾಗಾ ಬೇಕಲ್ಲ," ಎನ್ನುತ್ತಿದ್ದಳು. ಪಾತ್ರೆಯ ತಳಕ್ಕೆ ಬೂದಿ ಕಲಸಿ ಬಳಿದೇ ಒಲೆಗೆ ಇಡುವಳು. ಮಸಿ ಆಮೇಲೆ ಒಂದೇ ಕೈಗೆ ಬಿಡುತ್ತಿತ್ತು. ರೊಟ್ಟಿ ಮುಗಿದ ಮೇಲೆ ಒದ್ದೆ ಪಂಚೆಯನ್ನು ಹಿಂಡಿ ಖೋಲಿಯ ತುಂಬ ಬೀಸುವಳು. ನಾಲ್ಕು ಸಲ ಬೀಸಿದರೆ ಪಂಚೆಯೇ ಹೊಗೆ ಹೀರಿ ಬೂದು ಬಣ್ಣಕ್ಕೆ ತಿರುಗುತ್ತಿತ್ತು.

ನಮ್ಮ ಕಥೆ ಬೇರೆ. ನಾವು ಉಡುಪಿ ಕಡೆಯವರು, ಮೀನಿಲ್ಲದೆ ಊಟ ಗಂಟಲಲ್ಲಿ ಇಳಿಯದವರು. ನಮ್ಮ ಖೋಲಿಯ ಮಾಲೀಕನೋ, ಮೀನು ಮಾಂಸ ಬೇಯಿಸಿದ ದಿನವೇ ಖಾಲಿ ಮಾಡಬೇಕೆಂದು ಷರತ್ತು ಹಾಕಿ ಬಾಡಿಗೆಗೆ ಕೊಟ್ಟವನು. ಅವನ ತಂಗಿಯ ಮನೆ ನಮ್ಮ ಎದುರಿಗೇ. ನನ್ನ ಗಂಡ ಸಸ್ಯಾಹಾರಿ ಹೋಟೆಲಿನ ಕೌಂಟರಿನಲ್ಲಿ ಕೂರುವವರು. ಮೀನು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಹಾಗಾಗಿ ತಿಂಗಳಿಗೊಮ್ಮೆ ಕಿಟಕಿ ಮುಚ್ಚಿ ಕದ್ದು ಬಂಗುಡೆ ಹುರಿಯುತ್ತಿದ್ದೆ. ಆ ವಾಸನೆಯನ್ನು ಓಡಿಸಲು ಕಲಿಸಿಕೊಟ್ಟವಳು ಮೀನನ್ನು ಕಣ್ಣೆತ್ತಿ ನೋಡದ ಅಕ್ಕ! ಒಣಗಿದ ಕಿತ್ತಳೆ ಸಿಪ್ಪೆ ಕೂಡಿಟ್ಟಿರುತ್ತಿದ್ದಳು. ಹೆಂಚಿನ ಚೂರಿನಲ್ಲಿ ಎರಡು ಕೆಂಡ, ಅದರ ಮೇಲೆ ಸಿಪ್ಪೆ, ಒಂದು ಚಿಟಿಕೆ ಲೋಬಾನ. ಕಾವಲಿಗೆ ಹುಣಸೆಹಣ್ಣು, ಕೈಗೆ ಕಡಲೆಹಿಟ್ಟು. "ತಿನ್ನೂದು ನಿನ್ನ ಬಾಯಿ, ವಾಸನಿ ಊರಿಗ್ಯಾಕ?" ಎಂದು ನಗುವಳು. ಅವಳದು ಒಂದೇ ಕಟ್ಟಳೆ. "ಕೆಂಡ ಬೇಕಾದಷ್ಟು ಒಯ್ಯಿ. ಮೀನ ಮಾತ್ರ ನನ್ನ ಒಲಿಗೆ ತರಬ್ಯಾಡ."

ನಾನು ಮುರಿದದ್ದು ಅದೊಂದೇ ಕಟ್ಟಳೆಯನ್ನು. ಅದೂ ಶ್ರಾವಣ ಸೋಮವಾರ.

ಗಂಡನಿಗೆ ಎರಡು ವಾರ ಜ್ವರ. ಬಾಯಿಗೆ ಏನೂ ಸೇರದೆ ಒಣಗಿದ್ದರು. "ಗಂಜಿಗೆ ಒಂದು ತುಂಡು ಸುಟ್ಟ ಒಣಮೀನು ಇದ್ದಿದ್ದರೆ..." ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಊರಿನಿಂದ ಬಂದ ಒಣ ಬಂಗುಡೆಯ ಪೊಟ್ಟಣ ಅಕ್ಕಿ ಡಬ್ಬಿಯ ತಳದಲ್ಲಿತ್ತು. ಒಣಮೀನು ಸುಟ್ಟ ವಾಸನೆ ಹುರಿದ ಮೀನಿನ ಹಾಗಲ್ಲ, ಅದು ಡಂಗುರ ಹೊಡೆಯುತ್ತದೆ. ಅಂಥದ್ದರಲ್ಲಿ ಚಾಳಿನ ಮರಾಠಿ ಮಂದಿ ಶ್ರಾವಣದ ತಿಂಗಳಿಡೀ ಮೀನು ಬಿಟ್ಟವರು. ನನ್ನ ಖೋಲಿಯಿಂದ ಹೊಗೆ ಬಂದರೆ ಮಾಲೀಕನ ತಂಗಿ ಆ ಕ್ಷಣವೇ ಬಾಗಿಲಲ್ಲಿ. ಅಕ್ಕನ ಖೋಲಿಯಿಂದ ಬಂದರೆ? ಅಲ್ಲಿ ದಿನಾ ಹೊಗೆ ಇದ್ದದ್ದೇ, ಯಾರು ಮೂಸಿ ನೋಡುತ್ತಾರೆ ಎಂದುಕೊಂಡೆ.

ಅಕ್ಕ ರೊಟ್ಟಿ ಕಟ್ಟಿಕೊಟ್ಟು, ಉಪವಾಸದಲ್ಲೇ ಶಿವನ ಗುಡಿಗೆ ಹೋಗಿದ್ದಳು. ಮಧ್ಯಾಹ್ನ ನಲ್ಲಿಯಲ್ಲಿ ನೀರು ಬಂದಾಗ ಅವಳ ಕೊಡ ತುಂಬಿಸಿಡಲೆಂದು ಬೀಗದಕೈ ಯಾವಾಗಲೂ ನನ್ನ ಬಳಿಯೇ. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಬೂದಿ ಕೆದಕಿದರೆ ಕೆಂಡ ಇನ್ನೂ ಕೆಂಪಗಿತ್ತು. ಎರಡು ಬಂಗುಡೆ ಇಟ್ಟೆ. ಚಟಚಟ ಎಂದು ಎಣ್ಣೆ ಬಿಟ್ಟುಕೊಂಡಿತು. ಸುಟ್ಟು, ಸೆರಗಿನೊಳಗೆ ಮುಚ್ಚಿಕೊಂಡು, ಅವಳದೇ ಲೋಬಾನವನ್ನು ಒಂದು ಹಿಡಿ ಕೆಂಡಕ್ಕೆ ಸುರಿದು, ಬೀಗ ಹಾಕಿ ಬಂದೆ. ನಮ್ಮವರು ಗಂಜಿ ಉಂಡರು. ಎಷ್ಟೋ ದಿನಕ್ಕೆ ಎರಡನೇ ಸಲ ಹಾಕಿಸಿಕೊಂಡು ಉಂಡರು.

ಹೊರಗೆ ಮಳೆ ಹಿಡಿದಿತ್ತು. ಮಳೆಗಾಲದಲ್ಲಿ ಹೊಗೆ ಮೇಲೇರುವುದಿಲ್ಲ, ನೆಲ ಹಿಡಿದು ಕೂರುತ್ತದೆ ಎಂದು ಅಕ್ಕನೇ ಎಷ್ಟು ಸಲ ಹೇಳಿದ್ದಳು! ಅದು ಬಾಗಿಲ ಸಂದಿಯಿಂದ ನುಸುಳಿ ಗ್ಯಾಲರಿಯ ಉದ್ದಕ್ಕೂ ತೆವಳಿತು. ಲೋಬಾನ ಸೇರಿ ಇನ್ನೂ ಹೇಸಿಗೆಯಾಗಿತ್ತು. ಅರ್ಧ ಗಂಟೆಯಲ್ಲಿ ಎಲ್ಲರೂ ಬಾಗಿಲಿಗೆ ಬಂದರು. ಪೂಜೆಯ ಪಾತ್ರೆ ಹಿಡಿದೇ ಬಂದವರೂ ಇದ್ದರು. ಕಮಿಟಿಯ ಸೆಕ್ರೆಟರಿ ಅಕ್ಕನ ಬೀಗದ ಮುಂದೆ ನಿಂತು ಕಾಯತೊಡಗಿದ.

ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಕೈಯಲ್ಲಿ ಬಿಲ್ವಪತ್ರೆಯ ಪ್ರಸಾದ ಹಿಡಿದು ಅಕ್ಕ ಮೆಟ್ಟಿಲೇರಿ ಬಂದಳು. "ಮೌಶಿ, ಶ್ರಾವಣಾತ್ ಮಾಸಳೀ? ಲಾಜ್ ನಾಹೀ ವಾಟತ್?" ಎಂದು ಸೆಕ್ರೆಟರಿ ಎಲ್ಲರೆದುರು ಕೇಳಿದ. ಶ್ರಾವಣದಲ್ಲಿ ಮೀನೇ, ನಾಚಿಕೆಯಾಗುವುದಿಲ್ಲವೇ ಎಂದು. ಅವಳಿಗೆ ಮೊದಲು ತಿಳಿಯಲೇ ಇಲ್ಲ. ಒಳಗೆ ಹೋದಳು. ಒಲೆಯ ಮುಂದೆ ಬಗ್ಗಿದಳು. ಹೊರಗೆ ಬಂದಾಗ ಅವಳ ಅಂಗೈಯಲ್ಲಿ ಕರಕಲಾದ ಒಂದು ಬಾಲದ ಚೂರಿತ್ತು.

ಅವಳು ನೇರ ನನ್ನನ್ನು ನೋಡಿದಳು. ನಾನು ನನ್ನ ಬಾಗಿಲಲ್ಲೇ ನಿಂತಿದ್ದೆ. ಸುಮ್ಮನಾದರೂ ಇರಬಹುದಿತ್ತು. ಇರಲಿಲ್ಲ. "ಏನಾಯ್ತು ಅಕ್ಕಾ?" ಎಂದು ಕೇಳಿದೆ. ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿ ಕೂಡ ಆಮೇಲೆ ಮೇಕೆಯ ಬಳಿ ಬಂದು ಏನಾಯ್ತೆಂದು ಕೇಳಿರಲಿಕ್ಕಿಲ್ಲ.

ಅವಳು ನನ್ನ ಹೆಸರು ಹೇಳಲಿಲ್ಲ. ಸೆಕ್ರೆಟರಿಯ ಕಡೆ ತಿರುಗಿ ತನ್ನ ಹರಕು ಹಿಂದಿಯಲ್ಲಿ, "ಮೇರಾ ಚೂಲಾ ಹೈ. ಮೇರೆಕೋ ಸಂಭಾಲ್ನಾ ಥಾ," ಎಂದಳು. ನನ್ನ ಒಲೆ, ನಾನೇ ಕಾಯಬೇಕಿತ್ತು ಎಂದು. ಅವಳಿಗೆ ಅದು ಬರೀ ನಿಜ. ಕೇಳಿದವರಿಗೆ ತಪ್ಪೊಪ್ಪಿಗೆ.

ಮೈಲಿಗೆಯಾದ ಒಲೆಯಲ್ಲಿ ಅವಳು ಮತ್ತೆ ರೊಟ್ಟಿ ಬೇಯಿಸುವವಳಲ್ಲ. ಮರುದಿನ ಬೆಳಿಗ್ಗೆ ತಾನೇ ಸುತ್ತಿಗೆ ಹಿಡಿದು ಒಡೆದಳು. ಒಂದೊಂದು ಏಟೂ ನಮ್ಮ ಖೋಲಿಗೆ ಕೇಳುತ್ತಿತ್ತು. ಹೊಸ ಮಣ್ಣು ತಂದು ಹೊಸ ಒಲೆ ಹಾಕಿದರಾಯಿತು ಎಂದುಕೊಂಡಿದ್ದಳೇನೋ ಪಾಪ. ಕಮಿಟಿಯವರು ಬಿಡಲಿಲ್ಲ. ಇಷ್ಟು ದಿನ ನೆಪಕ್ಕೆ ಕಾಯುತ್ತಿದ್ದವರು, ಚಾಳಿನಲ್ಲಿ ಇನ್ನು ಕಟ್ಟಿಗೆಯ ಒಲೆ ಇಲ್ಲ ಎಂದುಬಿಟ್ಟರು. ಅಂದೇ ಅವಳು ನನ್ನ ಬಳಿ ಬೀಗದಕೈ ವಾಪಸ್ ಕೇಳಿ ಪಡೆದಳು. ಒಂದು ಬೈಗುಳ ಇಲ್ಲ, ಒಂದು ಶಾಪ ಇಲ್ಲ. ಬೈದಿದ್ದರೆ ನಾನು ಅತ್ತಾದರೂ ಹಗುರಾಗುತ್ತಿದ್ದೆ.

ಸುದ್ದಿ ಮೇಸ್ತ್ರಿಗೂ ಮುಟ್ಟಿತು. ಸೋಮವಾರ ಮೀನು ಸುಟ್ಟವಳ ಕೈಯ ರೊಟ್ಟಿ ಬೇಡವೆಂದು ಹೇಳಿ ಕಳಿಸಿದ. ಅಕ್ಕ ಕೆಳಗಿಳಿದು ಹೋಗಿ, ತಾನಲ್ಲ ಎಂದು ಲಿಂಗ ಮುಟ್ಟಿ ಹೇಳಿದಳಂತೆ. ಅವನು, "ಬೆಂಕಿ ಇಲ್ದ ಹೊಗಿ ಆಡತೈತೇನವ್ವ?" ಎಂದನಂತೆ.

ನಾಲ್ಕನೇ ದಿನ ನಲ್ಲಿಯ ಹತ್ತಿರ ನಾವಿಬ್ಬರೇ ಇದ್ದೆವು. ಕೊಡ ತುಂಬುವುದನ್ನೇ ನೋಡುತ್ತ ಅಕ್ಕ ಮಾತಾಡಿದಳು. "ಕಮಿಟಿಗೆ ಹೇಳಬ್ಯಾಡ ತಂಗಿ. ನಿನ್ನ ಖೋಲಿ ಹೋಗತೈತಿ, ನಂಗ ಗೊತ್ತೈತಿ. ಮೇಸ್ತ್ರಿ ಒಬ್ಬಗ ಹೇಳು. ನಮ್ಮ ಮಂದಿ ಕಣ್ಣಾಗ ನಾ ಸಣ್ಣಾಕಿ ಆಗೇನಿ. ಅದೊಂದು ತಾಳೂದಿಲ್ಲ ನನಗ."

"ನಾಳೆ ಹೇಳ್ತೇನೆ ಅಕ್ಕ," ಎಂದೆ.

ಮೇಸ್ತ್ರಿ ದಿನಾ ಬೆಳಿಗ್ಗೆ ಚಾಳಿನ ಕೆಳಗಿನ ಚಹಾ ಅಂಗಡಿಗೆ ಬರುತ್ತಿದ್ದ. ಹದಿನೆಂಟು ಮೆಟ್ಟಿಲು ಇಳಿದಿದ್ದರೆ ಸಾಕಿತ್ತು. ಮಾಲೀಕನ ಮನೆಗೆ ಸುಣ್ಣ ಹೊಡೆಯುವವನೂ ಅವನೇ, ಬಾಯಿ ಬಿಟ್ಟರೆ ನಮ್ಮ ಗತಿಯೇನು ಎಂದು ನನಗೆ ನಾನೇ ಹೇಳಿಕೊಂಡೆ. ನಾಳೆ ಎಂದೆ, ನಾಡಿದ್ದು ಎಂದೆ. ಒಂದು ದಿನ ಗ್ಯಾಲರಿಯಿಂದ ಬಗ್ಗಿ ನೋಡುತ್ತಿದ್ದಾಗ ಅವನು ತಲೆಯೆತ್ತಿದ. ನಾನು ಥಟ್ಟನೆ ಒಳಗೆ ಸರಿದು ಅಕ್ಕಿ ಆರಿಸುತ್ತ ಕುಳಿತೆ. ಅಕ್ಕ ಮತ್ತೆ ಕೇಳಲಿಲ್ಲ.

ಗ್ಯಾಸಿನ ಒಲೆಯೊಂದನ್ನು ತಂದು ಕೆಲವು ದಿನ ನೋಡಿದಳು. ರೊಟ್ಟಿಯೇನೋ ಉಬ್ಬುತ್ತಿತ್ತು, ಕೊಳ್ಳುವವರು ಇರಲಿಲ್ಲ. ದಸರೆಗೆ ಮೊದಲೇ ಖೋಲಿ ಬಿಟ್ಟು ತಮ್ಮನ ಊರಿಗೆ ಹೋದಳು. ಹೋಗುವಾಗ ಗ್ಯಾಲರಿಯಲ್ಲಿ ಎಲ್ಲರ ಬಾಗಿಲಿಗೂ ಹೋಗಿ ಬರುತ್ತೇನೆಂದು ಹೇಳಿದಳು, ನನ್ನ ಬಾಗಿಲಿಗೂ. ನಾನು ಒಳಗಿದ್ದೇ ಇಲ್ಲದವಳ ಹಾಗೆ ಕೂತಿದ್ದೆ. ಆಮೇಲೆ ಆ ಖೋಲಿಗೆ ಬಂದವರು ಮೂರು ಸಲ ಸುಣ್ಣ ಹೊಡೆಸಿದರು. ಮೂರು ಸಲವೂ ಒಲೆ ಇದ್ದ ಮೂಲೆಯಲ್ಲಿ ಮಸಿ ಹಳದಿಯಾಗಿ ಮೇಲೆ ಬಂತು.

ಇಪ್ಪತ್ತಕ್ಕೂ ಹೆಚ್ಚು ವರ್ಷವಾಯಿತು. ಚಿಮ್ನಿ ತೊಳೆದವನು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮೇಸ್ತ್ರಿಯನ್ನಾದರೂ ಹುಡುಕಿ ಹೇಳಿಬಿಡಬೇಕೆನಿಸಿತು. ಮರುದಿನವೇ ಲೋಕಲ್ ಹಿಡಿದು, ದಾದರಿನಲ್ಲಿ ಗಾಡಿ ಬದಲಿಸಿ ಭಾಂಡುಪ್‌ಗೆ ಹೋದೆ. ಚಾಳ್ ಇಲ್ಲ; ಇಪ್ಪತ್ತೆರಡು ಮಹಡಿಯ ಬಿಲ್ಡಿಂಗ್ ನಿಂತಿದೆ. ಇಸ್ತ್ರಿಯವನೊಬ್ಬ ಮಾತ್ರ ಹಳಬ. ಮೇಸ್ತ್ರಿ ಎಲ್ಲಿಗೆ ಹೋದನೋ ಅವನಿಗೆ ಗೊತ್ತಿಲ್ಲ. ರೊಟ್ಟಿ ಮೌಶಿ ಎಂದೊಡನೆ, "ತೀ ಕಧೀಚ್ ಗೇಲೀ, ಗಾವಾಲಾ," ಎಂದು ಆಕಾಶದ ಕಡೆ ಕೈ ತೋರಿಸಿದ. ಎಂದೋ ಹೋದಳು, ಊರಿನಲ್ಲೇ ತೀರಿಕೊಂಡಳು ಎಂದ. ಅಷ್ಟು ಹೇಳಿ ಬಟ್ಟೆಗೆ ನೀರು ಚಿಮುಕಿಸತೊಡಗಿದ.

ಆ ಸಂಜೆ ಗಂಡನ ಮುಂದೆ ಎಲ್ಲವನ್ನೂ ಹೇಳಿದೆ. ಅಂದಿನ ಆ ಮೀನು ಎಲ್ಲಿ ಸುಟ್ಟದ್ದು, ಅಕ್ಕ ನನ್ನಲ್ಲಿ ಕೇಳಿದ್ದೇನು, ನಾನು ಮಾಡಿದ್ದೇನು. ಹೇಳುತ್ತ ಅತ್ತೆ. ಅವರು ಟಿವಿಯ ಸದ್ದು ತಗ್ಗಿಸಿ ಕೇಳಿದರು.

"ಗೊತ್ತುಂಟು," ಎಂದರು. "ಅವಳು ಊರಿಗೆ ಹೋಗುವ ಮುಂಚೆ ಹೋಟೆಲಿಗೆ ಬಂದಿದ್ದಳಲ್ಲ ಮಾರಾಯ್ತಿ. ನಿನ್ನ ಹತ್ರ ಮೇಸ್ತ್ರಿಗೆ ಒಂದು ಮಾತು ಹೇಳಿಸಿ ಅಂತ ಕೈಮುಗಿದಳು. ನೋಡುವ ಅಂದೆ."

"ಮತ್ತೆ?"

"ಮತ್ತೆಂತ? ಕಾಪಿ ಕೊಡಿಸಿದೆ. ಕುಡಿಯಲಿಲ್ಲ, ಎದ್ದು ಹೋದಳು."

ನನಗೇಕೆ ಹೇಳಲಿಲ್ಲ ಎಂದು ಕೇಳಬೇಕೆನಿಸಿತು. ಹೇಳಿದ್ದರೆ ನಾನೇನು ಆ ಮೆಟ್ಟಿಲು ಇಳಿಯುತ್ತಿದ್ದೆನೇ? ನಾಳೆ ಎಂದವಳು ನಾನು, ನೋಡುವ ಎಂದವರು ಅವರು. ಇಬ್ಬರಿಗೂ ಖೋಲಿ ಉಳಿಯಿತು. ಅಕ್ಕ ಸತ್ತು ಹೋದಳು. ಮೇಸ್ತ್ರಿ, ಎಲ್ಲಾದರೂ ಬದುಕಿದ್ದರೆ, ಆ ಶ್ರಾವಣ ಸೋಮವಾರ ಮೀನು ಸುಟ್ಟವಳು ಅವಳೇ ಎಂದು ಇಂದಿಗೂ ನಂಬಿಕೊಂಡಿದ್ದಾನೆ.