ಬಲಗಡೆಯ ಹೂ

ತಾತನ ಮೇಲಿನ ಸಾಲಿನಲ್ಲಿ ಮುಂದಿನ ಎರಡು ಹಲ್ಲಿರಲಿಲ್ಲ. ಆ ಸಂದಿಯಿಂದ ಉಸಿರು ಬಿಟ್ಟರೆ ಸಣ್ಣಗೆ, ಎಳೆದ ಹಾಗೆ ಒಂದು ಸಿಳ್ಳೆ ಬರುತ್ತಿತ್ತು. ಉಳ್ಳಾರ್ತಿ ಕಾವಲು ಎಂಬ ಹುಲ್ಲುಬಯಲಿನ ಆ ತುದಿಯಲ್ಲಿ ಮೇಯುತ್ತಿದ್ದ ಎತ್ತು ಕೂಡ ಅದಕ್ಕೆ ಕಿವಿ ನಿಮಿರಿಸಿ ತಿರುಗುತ್ತಿತ್ತು. ಮೊದಲ ಸಲ ಕೇಳಿದವರು ನಗುತ್ತಿದ್ದರು. ನಾನೂ ನಕ್ಕವಳೇ.

ಅವರು ನಮ್ಮ ಹಟ್ಟಿಯ ಕಿಲಾರಿ, ಅಂದರೆ ದೇವರಿಗೆ ಬಿಟ್ಟ ಎತ್ತುಗಳನ್ನು ನೋಡಿಕೊಳ್ಳುವವರು. ಆ ಎತ್ತುಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನುಷ್ಯರಂತೆ ಮಣ್ಣು ಮಾಡಬೇಕು. ತಾತನಿಗೆ ಮದುವೆಯಿಲ್ಲ, ಮನೆಯಿಲ್ಲ, ಎತ್ತುಗಳ ರೊಪ್ಪದಲ್ಲೇ ಮಲಗುತ್ತಿದ್ದರು. ಹಟ್ಟಿಯ ಮಕ್ಕಳಿಗೆಲ್ಲ ಅವರು ತಾತ. ನಮ್ಮೊಂದಿಗೆ ಕನ್ನಡ, ಎತ್ತುಗಳೊಂದಿಗೆ ತೆಲುಗು. "ರಾ ನಾಯನಾ, ರಾ" ಎಂದು ಅವರು ಮುದ್ದಿನಿಂದ ಕರೆಯುವಾಗ, ನಮ್ಮಪ್ಪ ನಮ್ಮನ್ನು ಒಮ್ಮೆಯೂ ಹೀಗೆ ಕರೆಯಲಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ನಮ್ಮಲ್ಲಿ ದೊಡ್ಡ ಕೆಲಸಕ್ಕೆಲ್ಲ ಹೂವಿನ ಅಪ್ಪಣೆ ಬೇಕು. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಎರಡೂ ಬೀಳದಿದ್ದರೆ ಜನ ಕೈಕೈ ಹಿಸುಕಿಕೊಳ್ಳುತ್ತಿದ್ದರು. ತಾತ ಮಾತ್ರ ಕಂಬಳಿ ಕೊಡವಿ ಎದ್ದು, "ಇಲ್ಲ ಅಂದಿಲ್ಲಪ್ಪ, ತಡಿ ಅಂದಾನೆ. ಅವನಿಗೇನು ನಿಮ್ಮಂಗೆ ಬಸ್ಸಿಗೆ ಹೊತ್ತಾಗೈತಾ?" ಎನ್ನುತ್ತಿದ್ದರು. ಹೆಣ್ಣು ಸಿಗದ ಗಂಡುಗಳಿಗೂ ಮಕ್ಕಳಾಗದ ಸೊಸೆಯಂದಿರಿಗೂ ಅದೇ ಮಾತು.

ನನಗೆ ಹದಿನೈದಾಗಿದ್ದಾಗ ಅವ್ವನಿಗೆ ಹೊಟ್ಟೆನೋವು ಬಂತು. ಚಳ್ಳಕೆರೆಯ ಡಾಕ್ಟರು ಮುಟ್ಟಿ ನೋಡಿ, ಈಗಿಂದೀಗಲೇ ದುರ್ಗಕ್ಕೆ ಕರೆದೊಯ್ದು ಆಪರೇಷನ್ ಮಾಡಿಸಿ ಎಂದರು. ಅಪ್ಪ ಅವ್ವನನ್ನು ವಾಪಸು ಹಟ್ಟಿಗೆ ಕರೆತಂದ. ಹೊಟ್ಟೆ ಕೊಯ್ಯಿಸಲು ಅಪ್ಪಣೆ ಬೇಡವೇ? ಮೊದಲ ದಿನ ಹೂ ಬೀಳಲಿಲ್ಲ. ಎರಡನೆಯ ದಿನವೂ ಇಲ್ಲ. "ತಡಿ ಅಂದಾನೆ" ಎಂದು ತಾತ ಅಪ್ಪನಿಗೆ ಹೇಳಿದ್ದು ಕೇಳಿ, ಇನ್ನು ಈ ಮುದುಕನ ಮುಖ ನೋಡಬಾರದು ಎನ್ನಿಸಿತು. ಮೂರನೆಯ ದಿನ ಅವ್ವ ನರಳುವುದನ್ನೂ ನಿಲ್ಲಿಸಿದಳು. ತಾತ ಬಾಗಿಲಲ್ಲಿ ನಿಂತು ನೋಡಿ, ಹೊರಟುಹೋದರು.

ನಾಲ್ಕನೆಯ ದಿನ ಬೆಳಗ್ಗೆ ಮತ್ತೆ ಹೂ ಅಂಟಿಸಿದರು. ಕಿಲಾರಿಗೆ ದೇವರ ಮಗ್ಗುಲಲ್ಲೇ ನಿಲ್ಲುವ ಹಕ್ಕಿತ್ತು. ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದಿದ್ದರು. ನಾನು ಮುಚ್ಚಲಿಲ್ಲ, ಅಷ್ಟು ಸಿಟ್ಟಿತ್ತು. ಆಗ ಸಣ್ಣಗೆ ಆ ಸಿಳ್ಳೆ ಕೇಳಿತು. ನೋಡಿದೆ: ತಾತನ ತುಟಿ ಮುಂದೆ ಬಂದಿತ್ತು. ಬಲಗಡೆಯ ಹೂ ಉದುರಿತು.

ಅಪ್ಪ ಅಲ್ಲಿಂದಲೇ ಗಾಡಿ ತರಲು ಓಡಿದ. ಇನ್ನೊಂದು ದಿನ ತಡವಾಗಿದ್ದರೆ ಆಕೆ ಉಳಿಯುತ್ತಿರಲಿಲ್ಲ ಎಂದು ದುರ್ಗದಲ್ಲಿ ಡಾಕ್ಟರು ಅವನಿಗೆ ಚೆನ್ನಾಗಿ ಬೈದರು. ಅವ್ವ ಇವತ್ತಿಗೂ ಇದ್ದಾಳೆ, ಸೊಸೆಯೊಂದಿಗೆ ಜಗಳವಾಡುವಷ್ಟು ಗಟ್ಟಿಯಾಗಿಯೇ ಇದ್ದಾಳೆ.

ಅವತ್ತಿನಿಂದ ತಾತ ಸಿಳ್ಳೆ ಹಾಕಲಿಲ್ಲ. ಗಂಟಲು ಹರಿಯುವಂತೆ ಕೂಗಿ ಎತ್ತುಗಳನ್ನು ಕರೆಯುತ್ತಿದ್ದರು. ವಯಸ್ಸಾಯಿತು ಎಂದುಕೊಂಡರು ಜನ.

ಆಮೇಲೆ ಸರ್ಕಾರ ಕಾವಲನ್ನು ತೆಗೆದುಕೊಂಡು ಸುತ್ತ ಗೋಡೆ ಎಬ್ಬಿಸಿತು. ಕುದಾಪುರದ ಕಡೆ ದೊಡ್ಡ ದೊಡ್ಡ ಕಟ್ಟಡಗಳು ಎದ್ದವು. ಎತ್ತುಗಳು ಗೋಡೆಯ ಉದ್ದಕ್ಕೂ ನಡೆದು, ಮೂಸಿ ನೋಡಿ, ಹಿಂತಿರುಗುತ್ತಿದ್ದವು. ಅದುವರೆಗೆ ದೇವರಲ್ಲಿ ಏನೂ ಕೇಳದಿದ್ದ ತಾತ ಪ್ರತಿ ಸೋಮವಾರ ಹೂ ಇಡಿಸತೊಡಗಿದರು. ಎತ್ತುಗಳಿಗೆ ಹುಲ್ಲು ಸಿಗುತ್ತದೋ ಇಲ್ಲವೋ, ಅಷ್ಟೇ ಪ್ರಶ್ನೆ. ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಹೀಗೆ ವರ್ಷಗಟ್ಟಲೆ ನಡೆಯಿತು. ರೊಪ್ಪ ತುಂಬ ಇದ್ದ ಎತ್ತುಗಳು ಒಂದೊಂದಾಗಿ ಮಣ್ಣಿಗೆ ಹೋದವು.

ಅಷ್ಟರಲ್ಲಿ ನಾನು ಮದುವೆಯಾಗಿ ಮೊಳಕಾಲ್ಮೂರು ಸೇರಿದ್ದೆ. ಒಂಬತ್ತು ವರ್ಷವಾದರೂ ಮಡಿಲು ತುಂಬಿರಲಿಲ್ಲ. ಒಮ್ಮೆ ತವರಿಗೆ ಬಂದಾಗ ತಾತ ಒಂದು ಎತ್ತನ್ನು ಮಣ್ಣು ಮಾಡಿ ಅಲ್ಲೇ ಕೂತಿದ್ದರು. ನೋಡಲಾರದೆ ಹೇಳಿಬಿಟ್ಟೆ: "ತಾತ, ಅವತ್ತು ನೀವು ಹೂ ಊದಿದ್ದು ನಾನು ನೋಡಿದೀನಿ."

ತಾತ ಅಂಗೈಯ ಮಣ್ಣು ಕೊಡವಿದರು. "ಹಂಗಾದ್ರೆ ನೋಡ್ದೋರು ಇಬ್ರಾದ್ರಿ" ಎಂದರು. "ನೀನೊಬ್ಳು, ಅವನೊಬ್ಬ."

"ನೀವು ಊದದಿದ್ರೆ ಅವ್ವ ಉಳೀತಿರ್ಲಿಲ್ಲ."

"ಅದು ಡಾಕ್ಟ್ರ ಮಾತು. ದೇವ್ರು ಅವತ್ತೇ ಮಧ್ಯಾಹ್ನ ಹೂ ಕೊಡ್ತಿದ್ನೋ ಏನೋ. ಊರಿಗೆಲ್ಲ ತಡೀರಿ ಅಂತ ಹೇಳ್ದೋನು ನಾನು, ನನ್ ಕೈಲೇ ತಡಿಯಾಕಾಗ್ಲಿಲ್ಲ. ಈಗ ಅವನು ನನ್ನ ಕೂಡೆ ಮಾತೇ ಆಡಲ್ಲ."

"ಅದಕ್ಕೆ ಬಾಯಿಲ್ಲದ ಎತ್ತುಗಳನ್ನ ಸಾಯಿಸ್ತಾನಾ? ಇಂಥ ದೇವ್ರು ಯಾಕೆ ಬೇಕು ತಾತ?"

"ಬ್ಯಾರೆ ಯಾರಿದಾರೆ ತಾಯಿ, ನಮಗೆ?"

ನಾನು ಅವರ ಕಂಬಳಿ ಕೊಡವಿ ಹೆಗಲಿಗೆ ಹೊದಿಸಿದೆ.

ಹೋದ ಬೇಸಿಗೆಯಲ್ಲಿ ತಾತ ಹಾಸಿಗೆ ಹಿಡಿದರು. ಸುದ್ದಿ ತಿಳಿದು ನಾನು ಬಂದೆ. ಸೋಮವಾರ ಬಂದಾಗ ಗುಡಿಗೆ ಹೋಗಲೇಬೇಕೆಂದು ಹಟ ಹಿಡಿದರು, ಹೊತ್ತು ತಂದರು. ಕೂರಲು ತ್ರಾಣವಿರಲಿಲ್ಲ. ದೇವರ ಮಗ್ಗುಲಲ್ಲಿ ಅವರನ್ನು ನನ್ನ ಎದೆಗೆ ಆನಿಸಿಕೊಂಡು ಕೂತೆ. ಪೂಜಾರಿ ಹೂ ಅಂಟಿಸಿ, ಅದೇ ಹುಲ್ಲಿನ ಪ್ರಶ್ನೆ ಕೇಳಿ, ಕಣ್ಣು ಮುಚ್ಚಿದ. ರೊಪ್ಪದಲ್ಲಿ ಆಗ ಮೂರೇ ಎತ್ತು ಉಳಿದಿದ್ದವು. ನನ್ನ ಮುಖದಿಂದ ಗೇಣು ದೂರದಲ್ಲಿತ್ತು ಬಲಗಡೆಯ ಹೂ. ಒಂದು ಉಸಿರಿನ ಕೆಲಸ. ಸಾಯುವ ಮನುಷ್ಯ ಒಂದು ಉತ್ತರ ಕೇಳಿಕೊಂಡು ಹೋಗಲಿ, ಅವ್ವನ ಋಣವೂ ತೀರಲಿ ಎಂದು ಉಸಿರೆಳೆದುಕೊಂಡೆ.

ಅವರ ಕಣ್ಣು ಮುಚ್ಚಿಯೇ ಇದ್ದವು. ಬೆನ್ನ ಹಿಂದೆ ನನ್ನ ಎದೆ ಉಬ್ಬಿದ್ದು ತಿಳಿಯಿತೇನೋ. ಕೈ ಎತ್ತಿ ನನ್ನ ಬಾಯಿಗೆ ಅಡ್ಡ ಹಿಡಿದರು. ಬೆರಳುಗಳಲ್ಲಿ ಇನ್ನೂ ಸಗಣಿಯ ವಾಸನೆಯಿತ್ತು.

"ಬ್ಯಾಡ ತಾಯಿ" ಎಂದರು. "ನಿನಗೂ ಕೇಳೋದೈತೆ."

ಹೂ ಬೀಳಲಿಲ್ಲ. ಬುಧವಾರ ತಾತ ಹೋದರು. ಎತ್ತುಗಳನ್ನು ಹೂಳಿದ ಜಾಗದಲ್ಲೇ ಅವರನ್ನೂ ಮಣ್ಣು ಮಾಡಿ ಬಂದು ನೋಡಿದರೆ, ಬಲಗಡೆಯ ಹೂ ದೇವರ ಭುಜದ ಮೇಲೆಯೇ ಒಣಗಿಹೋಗಿತ್ತು.

ಅವ್ವ ತಿಂಗಳಿಗೊಮ್ಮೆ ಫೋನು ಮಾಡಿ, ಬಂದು ಮಗುವಿಗಾಗಿ ಹೂ ಇಡಿಸಿಕೊಂಡು ಹೋಗೇ ಎನ್ನುತ್ತಾಳೆ. ನಾನಿನ್ನೂ ಹೋಗಿಲ್ಲ. ಹೂ ಬೀಳದಿದ್ದರೆ ತಡೆದುಕೊಳ್ಳುತ್ತೇನೋ, ಊದಿಬಿಡುತ್ತೇನೋ, ನನಗೇ ಗೊತ್ತಿಲ್ಲ.