ಒಲೆ ಹಚ್ಚದ ಬಡಗಿ

ಬೆಳಗಿನ ಆರು ಗಂಟೆ. ಝಾನ್ ನದಿಯ ದಂಡೆಯ ತಗಡಿನ ಶೆಡ್ಡಿನೊಳಗೆ ಹಾರ್ಮೆನ್ ಕಾಲ್ಫ್ ಎರಡು ಸ್ವೆಟರ್ ತೊಟ್ಟು, ಕುರ್ಚಿಯೊಂದಕ್ಕೆ ಹೊಸ ಕಾಲು ಕೂರಿಸುತ್ತಿದ್ದಾರೆ. ಆಚೆ ದಡದ ಕೋಕೋ ಕಾರ್ಖಾನೆಯ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬರುತ್ತದೆ, ಜೊತೆಗೆ ನವೆಂಬರಿನ ಚಳಿಯೂ. ಮೂಲೆಯಲ್ಲಿ ಕಬ್ಬಿಣದ ಒಲೆಯಿದೆ, ಸುತ್ತ ಒಣ ಮರದ ಚೂರುಗಳ ರಾಶಿಯಿದೆ. ಆದರೆ ಮಾರ್ಚ್ ತಿಂಗಳಿಂದ ಅವರು ಆ ಒಲೆ ಹಚ್ಚಿಲ್ಲ. ಹತ್ತರಿ ಹೊಡೆದಾಗ ಉದುರುವ ಮರದ ಸುರುಳಿಗಳನ್ನು ಗುಡಿಸಿ, ಕಾಗದದ ಚೀಲಕ್ಕೆ ತುಂಬಿ, ಯಾರ ಕುರ್ಚಿಯದೆಂದು ಮೇಲೆ ಬರೆದಿಡುತ್ತಾರೆ. ಕಾಫಿ ಮನೆಯಿಂದ ಫ್ಲಾಸ್ಕಿನಲ್ಲಿ ಬರುತ್ತದೆ.

ಹಾರ್ಮೆನ್ ಅವರಿಗೆ ಎಪ್ಪತ್ತಾರು. ನೂರು ವರ್ಷದ ಹಿಂದೆ ಈ ನಾಡಿನ ಕೆಲವು ಬಡಗಿಗಳು ಕೆತ್ತನೆ, ಮೆತ್ತೆ ಎಲ್ಲ ಬಿಟ್ಟು, ಬರೀ ನೇರ ಪಟ್ಟಿ ಹಲಗೆಗಳಿಂದ ಕುರ್ಚಿ ಮಾಡಿ ಕಪ್ಪು, ಕೆಂಪು, ಹಳದಿ ಬಳಿದರು. ಕುರ್ಚಿಯೋ ಮೊಟ್ಟೆ ಪೆಟ್ಟಿಗೆಯೋ ಎಂದು ಅಕ್ಕಪಕ್ಕದವರು ಆಗ ನಕ್ಕಿದ್ದರು. ಈಗ ಅವನ್ನು ಸಂಗ್ರಹಿಸುವವರು ನಾ ಮುಂದು ತಾ ಮುಂದು ಎಂದು ಮುಗಿಬೀಳುತ್ತಾರೆ. ಕೈಕಾಲು ಕಳೆದುಕೊಂಡ ಕುರ್ಚಿಗಳು ಮಾತ್ರ ಮೊದಲು ಹಾರ್ಮೆನ್ ಶೆಡ್ಡಿಗೆ ಬರಬೇಕು. ನಲವತ್ತಮೂರು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಕಾಲು, ತೊಂಬತ್ತು ಕೈ ಕೂರಿಸಿದ್ದಾರೆ. ಒಂದು ಕೈಗೆ ನಾಲ್ಕು ದಿನ ಹಿಡಿಯುತ್ತದೆ. ಪ್ರದರ್ಶನದ ಫಲಕಗಳಲ್ಲಿ ಇವರ ಹೆಸರು ಎಲ್ಲೂ ಇಲ್ಲ.

“ಜೋಡಿಸಿದ್ದು ಕಾಣಬಾರದು. ಕಂಡ್ರೆ ಕೆಲಸ ಕೆಟ್ಟಿತು ಅಂತ ಲೆಕ್ಕ,” ಎನ್ನುತ್ತಾರೆ ಹಾರ್ಮೆನ್. ಸಂಗ್ರಾಹಕರ ಮಾತು ಬಂದರೆ ನಗು ತಡೆಯುವುದಿಲ್ಲ. “ಬಂದೋರೇ ಕುರ್ಚೀನ ಬೋರಲು ಹಾಕಿ ತಳದಲ್ಲಿ ಮಾಡಿದೋರ ಹೆಸರು ಹುಡುಕ್ತಾರೆ. ಒಬ್ರೂ ಕೂತು ನೋಡಲ್ಲ. ಹೆಂಡತೀನ ಮೊದಲ ಸಲ ಕಂಡಾಗ್ಲೂ ಅಂಗಾಲು ನೋಡಿದ್ರೇನೋ!”

ಕುರ್ಚಿಗಳು ಹೀಗೆ ಮೊಂಡಾದದ್ದು ಯಾಕೆಂದು ಊರಿಗೆಲ್ಲ ಗೊತ್ತು. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಕಲ್ಲಿದ್ದಲು ಸಿಗದೆ ಮನೆಮನೆಯ ಮರ ಒಲೆ ಸೇರಿತು. ಹಾರ್ಮೆನ್ ಅವರ ಅಪ್ಪನೂ ಬಡಗಿ. ತಾನೇ ಮಾಡಿದ ನಾಲ್ಕು ಕುರ್ಚಿಗಳಲ್ಲಿ ಮೂರನ್ನು ಕೊಯ್ದು, ತಿನ್ನಲು ಬೇರೇನೂ ಸಿಗದೆ ಟುಲಿಪ್ ಹೂವಿನ ಗೆಡ್ಡೆ ಬೇಯಿಸಲು ಒಲೆಗೆ ಕೊಟ್ಟರು. ನಾಲ್ಕನೆಯದರ ಎಡಗೈ ಮಾತ್ರ ಹೋಯಿತು. ಅದಾಗಿ ನಾಲ್ಕು ವರ್ಷಕ್ಕೆ ಹಾರ್ಮೆನ್ ಹುಟ್ಟಿದರು. ಮನೆಯಲ್ಲಿ ಆ ಚಳಿಗಾಲದ ಮಾತೇ ಎತ್ತುತ್ತಿರಲಿಲ್ಲ. ತಮಗೆ ಅಕ್ಕನಾಗಬೇಕಿದ್ದ ಗ್ರೀಟ್ ಎಂಬ ಐದು ತಿಂಗಳ ಕೂಸು ಆಗ ತೀರಿಕೊಂಡಿತ್ತು ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಅಮ್ಮ ಯಾವಾಗಲೂ ಆ ಒಂಟಿ ಕೈಯ ಕುರ್ಚಿಯಲ್ಲೇ, ಎಡಗೈ ಇಳಿಬಿಟ್ಟು ಕೂರುತ್ತಿದ್ದುದು ನೆನಪಿದೆ.

ಕಂಡವರ ಕುರ್ಚಿಗಳಿಗೆಲ್ಲ ಕೈ ಕೂರಿಸಿದವರಿಗೆ ಅಪ್ಪನ ಕುರ್ಚಿ ಮೊಂಡಾಗಿರುವುದು ಕಣ್ಣು ಚುಚ್ಚುತ್ತಿತ್ತು. ಆರೈಕೆ ಮನೆಯಲ್ಲಿರುವ ಅಕ್ಕ ನೇಲಿಗೆ ಕಳೆದ ಮಾರ್ಚಿನಲ್ಲಿ ಎಂಬತ್ತೆಂಟು ತುಂಬುವುದಿತ್ತು. ಇನ್ನೊಂದು ಹುಟ್ಟುಹಬ್ಬ ಕಾಣುವುದು ಅನುಮಾನ ಎಂದು ವೈದ್ಯರು ಹೇಳಿದ್ದರು.

“ಅಕ್ಕ ಹೋಗೋದ್ರೊಳಗೆ ಒಂದ್ಸಲ ಅಪ್ಪನ ಕುರ್ಚೀಲಿ ಸರಿಯಾಗಿ ಕೂರಿಸ್ಬೇಕು ಅಂತ ಆಸೆ ಆಗಿತ್ತು,” ಎನ್ನುತ್ತಾರೆ.

ಅದೇ ಕಾಲದ ಮುರಿದ ಮಂಚದಿಂದ ಬೀಚ್ ಎಂಬ ಜಾತಿಯ ಮರ ಹುಡುಕಿ ಕೈ ಮಾಡಿದರು. ಗರಗಸದಿಂದ ಒರಟಾಗಿದ್ದ ಮೋಟಿಗೆ ಹತ್ತರಿ ಹೊಡೆದು ನುಣುಪು ಮಾಡಿದರು, ಅಂಟು ಹಾಕಿ ಕೂರಿಸಿದರು. ಅಂದು ವಿಪರೀತ ಚಳಿ. ಉದುರಿದ ಸುರುಳಿಗಳನ್ನು ಒಲೆಗೆ ಹಾಕಿ ಕಾಫಿ ಕಾಸಿಕೊಂಡರು.

ಹುಟ್ಟುಹಬ್ಬದ ದಿನ ಇಲ್ಲಿ ಎಲ್ಲರ ಮನೆಯಲ್ಲೂ ಮಾಡುವಂತೆ ಕುರ್ಚಿಗೆ ಕಾಗದದ ಹೂಮಾಲೆ ಸುತ್ತಿ ಆರೈಕೆ ಮನೆಗೆ ಹೊತ್ತೊಯ್ದರು. ನೆಂಟರು ದುಂಡಗೆ ಕೂತು, ಇಲ್ಲಿನ ವಾಡಿಕೆಯಂತೆ ಅಕ್ಕನಿಗಷ್ಟೇ ಅಲ್ಲ, ತಮ್ಮನಿಗೂ ಶುಭಾಶಯ ಹೇಳಿ ಕೇಕು ತಿನ್ನುತ್ತಿದ್ದರು. ನೇಲಿ ಕುರ್ಚಿಯಲ್ಲಿ ಕೂತು, ಎಡಗಡೆ ತಡಕಿ, ಹೂ ಸರಿಸಿದರು.

“ಇದೇನೋ ಇದು?”

“ಕೈ ಕಣಕ್ಕ. ಹೊಸದು ಕೂರಿಸಿದೀನಿ.”

“ಇಲ್ಲಿ ಅಪ್ಪನ ಗರಗಸದ ಗುರುತು ಇತ್ತಲ್ಲ, ಎಲ್ಲಿ?”

“ಹತ್ತರಿ ಹೊಡೆದೆ. ಇಲ್ಲಾಂದ್ರೆ ಅಂಟು ಹಿಡಿಯಲ್ಲ.”

ನೇಲಿ ಅತ್ತರು. “ಅಪ್ಪ ಇದನ್ನ ಕೊಯ್ವಾಗ ತುದಿ ಹಿಡ್ಕೊಂಡಿದ್ದೋಳು ನಾನು. ಕೂಸು ತಣ್ಣಗಾಗ್ತಿತ್ತು, ಬಿಸಿನೀರು ಬೇಕಿತ್ತು. ಕಟ್ಟಿಗೆಗೆ ಬೆಂಕಿ ಹತ್ತೋಷ್ಟರಲ್ಲಿ ಗ್ರೀಟ್ ಹೋಗ್ಬಿಟ್ಳು. ‘ಸಾಕು, ಇನ್ನು ಕೊಯ್ಬೇಡಿ’ ಅಂದ್ಳು ಅಮ್ಮ. ಆ ಕೂಸಿಂದು ಅಂತ ಒಂದು ಫೋಟೋ ಇಲ್ಲ, ಗೋರಿಗೆ ಕಲ್ಲಿಲ್ಲ. ಅಮ್ಮ ಸಾಯೋವರೆಗೂ ಈ ಗುರುತಿನ ಮೇಲೇ ಬೆರಳಾಡಿಸ್ತಿದ್ಳು. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣೋ.”

ಮರುದಿನವೇ ಹಾರ್ಮೆನ್ ಆ ಕೈಯನ್ನು ಕೊಯ್ದು ತೆಗೆದರು. “ಈಗಿರೋದು ನನ್ನ ಗರಗಸದ ಗುರುತು. ಅಪ್ಪಂದಲ್ಲ,” ಎನ್ನುತ್ತಾರೆ. ಇಂಥ ಸಂಕಟಕ್ಕೆ ಯಾವ ಅಂಟೂ ಇಲ್ಲ. ಈಗ ಯಾವ ಕುರ್ಚಿ ಬಂದರೂ ‘ಇದನ್ನ ಕೊಯ್ದೋರು ಯಾರು? ಯಾಕೆ ಕೊಯ್ದ್ರು?’ ಎಂದು ಮೊದಲು ವಿಚಾರಿಸುತ್ತಾರೆ. ಸಂಗ್ರಹದ ಹುಚ್ಚಿನ ದಂತವೈದ್ಯರೊಬ್ಬರು ಇದರಿಂದ ಬೇಸತ್ತು ತಮ್ಮ ಕುರ್ಚಿ ವಾಪಸ್ ಒಯ್ದರು.

ಅಪ್ಪನ ಕುರ್ಚಿಯ ಹಲಗೆಯ ತಳದಲ್ಲಿ ಹಾರ್ಮೆನ್ ಪೆನ್ಸಿಲಿನಿಂದ ಗ್ರೀಟ್‌ಳ ಹೆಸರು ಬರೆದು, ಇದಕ್ಕೆ ಯಾರೂ ಕೈ ಕೂರಿಸಬೇಡಿ ಎಂದು ಸೇರಿಸಿದ್ದಾರೆ. “ನನ್ನ ಕಾಲ ಆದ್ಮೇಲೆ ಯಾರ ಪಾಲಾಗುತ್ತೋ. ಹೇಗೂ ಬೋರಲು ಹಾಕೇ ಹಾಕ್ತಾರಲ್ಲ, ಓದ್ಕೋತಾರೆ. ಅಷ್ಟು ನಡೆದ್ರೆ ಸಾಕು.”

ಭಾನುವಾರ ತಪ್ಪದೆ ಅಕ್ಕನನ್ನು ನೋಡಲು ಹೋಗುತ್ತಾರೆ. ಉಳಿದದ್ದೊಂದನ್ನು ಹೇಳಲು ಅವರಿಗೆ ಬೇಸಿಗೆ ಕಳೆಯಬೇಕಾಯಿತು.

“ಅಕ್ಕ, ಆ ಗುರುತಿನ ಸುರುಳಿ ಇತ್ತಲ್ಲ, ಅದನ್ನೂ ಒಲೆಗೆ ಹಾಕ್ಬಿಟ್ಟೆ.”

ನೇಲಿ ತಮ್ಮನ ಕೈ ಹಿಡಿದುಕೊಂಡರು.

“ಬೆಚ್ಚಗಾಯ್ತೇನೋ?”

“ಆಯ್ತಕ್ಕ.”

“ನಿಂಗಾದ್ರೂ ಆಯ್ತಲ್ಲ, ಬಿಡು.”