ನೆರೈದಾ ಓದಿದ ಕೊನೆಯ ಅಧ್ಯಾಯ

ಕ್ಯೂಬಾದ ಪಿನಾರ್ ದೆಲ್ ರಿಯೊ ಊರಿನ ಆ ಸಿಗಾರ್ ಕಾರ್ಖಾನೆಯಲ್ಲಿ ಕೆಲಸಗಾರರ ಕೈ ಎಲೆಯ ಮೇಲಿದ್ದರೆ ಕಿವಿ ಅಟ್ಟಣಿಗೆಯ ಮೇಲಿರುತ್ತಿತ್ತು. ಅಲ್ಲಿ ಕುರ್ಚಿ ಹಾಕಿಕೊಂಡು ನೆರೈದಾ ಬೆಳಿಗ್ಗೆ ಪತ್ರಿಕೆ, ಮಧ್ಯಾಹ್ನ ಕಾದಂಬರಿ ಓದುತ್ತಿದ್ದಳು. ಮೆಚ್ಚುಗೆಯಾದರೆ ಎಲೆ ಕತ್ತರಿಸುವ ಬಾಗಿದ ಅಲಗನ್ನು ಹಲಗೆಗೆ ಟಕಟಕ ಬಡಿಯುವುದು, ಆಗದಿದ್ದರೆ ನೆಲಕ್ಕೆ ಬಿಡುವುದು ಅಲ್ಲಿನ ರೂಢಿ. ಯಾವ ಪುಸ್ತಕ, ಓದುವವರು ಯಾರು ಎಂಬುದನ್ನೂ ಅವರೇ ಕೈಯೆತ್ತಿ ಆರಿಸುತ್ತಿದ್ದರು.

ಕೆಳಗೆ ಸಿಗಾರ್ ಸುತ್ತುತ್ತಿದ್ದ ಎದೆಲ್ಮಿರಾ ನೆರೈದಾಳ ದೊಡ್ಡಮ್ಮನ ಮಗಳು ಎಂದು ಊರು ನಂಬಿತ್ತು. ದೊಡ್ಡಮ್ಮನೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಒಬ್ಬರನ್ನೊಬ್ಬರು ಮೆಚ್ಚಿ ಒಂದೇ ಸೂರಿನಡಿ ಹರೆಯ ಕಳೆದವರು ಅವರು. ‘ಅಂಥವಳು’ ಎಂದು ಯಾರಾದರೂ ಬೆರಳು ತೋರಿದರೆ ಸಾಕು, ಕೆಲಸ ಹೋಗುತ್ತಿದ್ದ ಕಾಲ. ಅದಕ್ಕೇ ಎದೆಲ್ಮಿರಾ ದಾರಿಯಲ್ಲಿ ಕೂಡ ನೆರೈದಾಳಿಗಿಂತ ಒಂದಿಷ್ಟು ಹಿಂದೆಯೇ ನಡೆಯುತ್ತಿದ್ದಳು.

ಆ ಹಾಳು ಕಾದಂಬರಿಯನ್ನು ಆರಿಸಿದ್ದು ಮುಖಪುಟದ ಹಡಗು ನೋಡಿ. ಕಡಲ್ಗಳ್ಳರ ಕಥೆ ಅಂದುಕೊಂಡಿದ್ದರು. ನೋಡಿದರೆ ಬಂದರಿನ ಇಬ್ಬರು ಬಟ್ಟೆ ಹೊಲಿಯುವ ಹೆಂಗಸರು, ಅವರ ಪ್ರೀತಿ! ಬೈದುಕೊಂಡೇ ಕೇಳಿದರು. ನಿಲ್ಲಿಸು ಎಂದು ಮಾತ್ರ ಒಬ್ಬರೂ ಅನ್ನಲಿಲ್ಲ.

“ನೆರೈದಕ್ಕಾ, ಇವರಲ್ಲಿ ಗಂಡ ಯಾರು ಅಂತ ಮೊದ್ಲು ಹೇಳ್ಬಿಡಿ, ನಮಗೂ ನೆಮ್ಮದಿ!” ಎಂದು ಎದೆಲ್ಮಿರಾಳ ಪಕ್ಕದ ಒಬ್ದುಲಿಯೊ ಕೂಗಿದರೆ ಇಡೀ ಸಾಲು ಬಿದ್ದು ಬಿದ್ದು ನಗುತ್ತಿತ್ತು. ಎದೆಲ್ಮಿರಾಳೂ ನಗುತ್ತಿದ್ದಳು, ಎಲ್ಲರಿಗಿಂತ ಜೋರಾಗಿ.

ಕೊನೆಯ ಅಧ್ಯಾಯದ ಹಿಂದಿನ ಸಂಜೆ ನೆರೈದಾ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಎಸೆದಳು.

“ಒಬ್ಳು ವಿಷ ಕುಡೀತಾಳೆ, ಇನ್ನೊಬ್ಳಿಗೆ ಹುಚ್ಚು ಹಿಡಿಯತ್ತೆ. ಕಾದಂಬರಿ ಆಗ್ಲಿ, ಸಿನಿಮಾ ಆಗ್ಲಿ, ನಮ್ಮಂಥೋರನ್ನ ಸಾಯಿಸದೆ ಕಥೆ ಮುಗಿಸೋಕೇ ಬರಲ್ವಲ್ಲೇ ಇವ್ರಿಗೆ!”

“ಸಾಯ್ಲಿ ಬಿಡೇ. ಬೇಗ ಸತ್ರೆ ಬೇಗ ಬೇರೆ ಪುಸ್ತಕ ಬರತ್ತೆ,” ಎಂದಳು ಎದೆಲ್ಮಿರಾ, ಅಕ್ಕಿ ಆರಿಸುತ್ತ.

“ನನ್ನ ಬಾಯಲ್ಲಿ ಅವಳು ಸಾಯಲ್ಲ.”

“ಹುಚ್ಚುಚ್ಚಾಗಿ ಏನೂ ಮಾಡ್ಬೇಡ ಕಣೇ. ನಮ್ಮಿಬ್ರ ಅನ್ನ ಅದು.”

ಮರುದಿನ ವಿಷದ ಬಟ್ಟಲು ಆ ಹೆಂಗಸಿನ ತುಟಿಯವರೆಗೆ ಬಂತು. ನೆರೈದಾ ಪುಟ ಮಗುಚಿದಳು. ಬಟ್ಟಲು ಕೆಳಗಿಳಿಯಿತು. ಎದೆಲ್ಮಿರಾ ಸುತ್ತುವುದನ್ನು ಬಿಟ್ಟು ತಲೆಯೆತ್ತಿದಳು. ಅಯ್ಯೋ, ಪುಸ್ತಕದಲ್ಲಿಲ್ಲದ್ದನ್ನು ಓದುತ್ತಿದ್ದಾಳೆ! ಕಥೆಯ ಇಬ್ಬರೂ ಬದುಕಿದರು, ಬೇರೆ ಊರಿಗೆ ಹೋಗಿ ಮನೆ ಮಾಡಿದರು. ಒಂದೆರಡು ಅಲಗು ಹಲಗೆಯನ್ನು ಬಡಿದವು ಕೂಡ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತು ಈ ಪುಣ್ಯಾತ್ಗಿತ್ತಿಗೆ? ಆದರೆ ಅವಳಿಗೆ ಗೊತ್ತಿದ್ದ ಸುಖದ ಮನೆ ಒಂದೇ. ತೋಳು ಮುರಿದು ತಂತಿ ಸುತ್ತಿದ ತೂಗುಕುರ್ಚಿ ಕಥೆಯೊಳಗೆ ಬಂತು. ಸಂಜೆ ಒಬ್ಬಳು ಇನ್ನೊಬ್ಬಳ ಬೆರಳಿಗೆ ನಿಂಬೆಹೋಳು ತಿಕ್ಕಿ ಹೊಗೆಸೊಪ್ಪಿನ ವಾಸನೆ ತೆಗೆಯುವುದೂ ಬಂತು.

ಬಟ್ಟೆ ಹೊಲಿಯುವವಳ ಬೆರಳಿಗೆ ಹೊಗೆಸೊಪ್ಪಿನ ವಾಸನೆ ಎಲ್ಲಿಂದ ಬರಬೇಕು?

“ಆ ಕುರ್ಚಿಗೆ ತಂತಿ ಸುತ್ತಿಕೊಟ್ಟೋನು ನಾನಲ್ವಾ?” ಎಂದ ಒಬ್ದುಲಿಯೊ. ಈ ಸಲ ಅವನು ನಗಲಿಲ್ಲ. ಅವನ ಅಲಗು ನೆಲಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು, ಆಮೇಲೆ ಸಾಲು ಸಾಲೇ. ಎಲ್ಲರ ಕಣ್ಣೂ ಎದೆಲ್ಮಿರಾಳ ಕೈಯ ಮೇಲೆ.

ಅಟ್ಟಣಿಗೆಯಿಂದ ನೆರೈದಾಳೂ ನೋಡುತ್ತಿದ್ದಳು. ಎದೆಲ್ಮಿರಾಳಿಗೆ ಜೀವವೇ ಹೋಗುವಷ್ಟು ಭಯವಾಯಿತು. ಬೆರಳು ಬಿಡಿಸಿದಳು. ಅಲಗು ಬಿತ್ತು.

“ಚಿಕ್ಕಮ್ಮನ ಮಗಳು ಅಂತ ಮನೇಲಿಟ್ಕೊಂಡಿದ್ದೀನಪ್ಪಾ. ಅವಳ ತಲೇಲಿ ಏನಿದೆಯೋ ನಂಗೇನು ಗೊತ್ತು!” ಎಂದಳು, ಮೇಲಿನವರೆಗೂ ಕೇಳುವಂತೆ.

ಅದೇ ವಾರ ಕೈಯೆತ್ತಿ ನೆರೈದಾಳನ್ನು ತೆಗೆದುಹಾಕಿದರು. ಎತ್ತಿದ ಕೈಗಳಲ್ಲಿ ಎದೆಲ್ಮಿರಾಳದ್ದೂ ಇತ್ತು. ಅವಳ ಕೆಲಸ ಉಳಿಯಿತು. ಇಬ್ಬರ ಹೊಟ್ಟೆಯೂ ಅದರಲ್ಲೇ ತುಂಬಿತು. ನೆರೈದಾ ಬೈಯಲಿಲ್ಲ, ಮನೆ ಬಿಟ್ಟು ಹೋಗಲಿಲ್ಲ, ಹೋಗುವುದಾದರೂ ಎಲ್ಲಿಗೆ? ಸಂಜೆ ನಿಂಬೆ ಹೆಚ್ಚಿ ತಟ್ಟೆಯಲ್ಲಿಟ್ಟು ಎದ್ದುಹೋಗುತ್ತಿದ್ದಳು. ತಿಕ್ಕಿಕೊಳ್ಳುವುದು ಎದೆಲ್ಮಿರಾಳೇ.

ವರ್ಷಗಳು ಕಳೆದು, ಎದೆಲ್ಮಿರಾ ಉಬ್ಬಸದಿಂದ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ಕೇಳಿದಳು:

“ಆ ಕೊನೇ ಅಧ್ಯಾಯ ಒಂದ್ಸಲ ಹೇಳೇ.”

“ಯಾವ್ದು?”

“ನಿಂದು. ಅವರಿಬ್ರೂ ಬದುಕ್ತಾರಲ್ಲ, ಅದು.”

ನೆರೈದಾ ಅವಳ ಹೊದಿಕೆಯನ್ನು ಕತ್ತಿನವರೆಗೆ ಎಳೆದು ಸರಿಮಾಡಿದಳು.

“ಅವರು ಆವತ್ತೇ ಸತ್ರಲ್ಲೇ, ಎದೆಲ್ಮಿರಾ,” ಎಂದಳು. “ನೀನೂ ಅಲ್ಲೇ ಇದ್ಯಲ್ಲ.”